ಬೇಡದ ಬಾಗಿಲಿಗೆ ಬಣ್ಣ, ಬೇಕಿದ್ದ ಕಡೆ ಬರೀ ಪಾಲಿಷ್: ಕೆಲಸ ಸರಿಪಡಿಸಿಕೊಡುವಂತೆ ದೂರು

ಗೆ,
ವ್ಯವಸ್ಥಾಪಕರು,
ಬಾಡಿ ಮತ್ತು ಪೇಂಟ್ ವಿಭಾಗ,
ಮೈಸೂರು.

ಮಾನ್ಯರೇ,

ಎರಡು ಗೀರುಗಳ ರಿಪೇರಿಗೆಂದು ಸಿಲ್ವರ್ ಮೆಟಾಲಿಕ್ ಕಾರನ್ನು ನಿಮ್ಮ ವರ್ಕ್‌ಶಾಪಿಗೆ ಬಿಡಲಾಗಿತ್ತು. ಒಂದು ಗೀರು ಎಡ ಮುಂಬಾಗಿಲ ಮೇಲೆ, ಇನ್ನೊಂದು ಬಲ ಹಿಂಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್ ಮೇಲೆ. ಬಾಗಿಲಿಗೆ ಬಣ್ಣ ಹೊಡೆಯುವ ಅಗತ್ಯವೇ ಇರಲಿಲ್ಲ, ಅದಕ್ಕೆ ಪೂರ್ತಿ ಹೊಡೆದಿದ್ದೀರಿ. ಕ್ವಾರ್ಟರ್ ಪ್ಯಾನೆಲ್ಲಿಗೆ ಬಣ್ಣ ಬೇಕೇ ಬೇಕಿತ್ತು, ಅಲ್ಲಿ ಪಾಲಿಷ್ ಉಜ್ಜಿ ಕಳಿಸಿದ್ದೀರಿ. ಬಿಲ್ಲಿನಲ್ಲಿ ಮಾತ್ರ ಎರಡಕ್ಕೂ ‘ಪೇಂಟಿಂಗ್’ ಎಂದೇ ಹಣ ಹಾಕಿದ್ದೀರಿ.

ಬಾಗಿಲಿನ ಗೀರು ಉಗುರಿಗೆ ಸಿಕ್ಕುತ್ತಿರಲಿಲ್ಲ, ನೀರು ಸವರಿದರೆ ಕಾಣುತ್ತಲೂ ಇರಲಿಲ್ಲ. ಅಂದರೆ ಅದು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲೇ ಇತ್ತು, ಬಣ್ಣಕ್ಕೆ ಇಳಿದಿರಲಿಲ್ಲ. ಇಂಥದ್ದನ್ನು ಮನೆಯ ನೆರಳಿನಲ್ಲೇ ತೆಗೆಯಬಹುದು. ಜಾಗವನ್ನು ಶಾಂಪೂ ಹಾಕಿ ತೊಳೆದು, ಬೀಡಿಂಗ್ (ಕಿಟಕಿ ಅಂಚಿನ ರಬ್ಬರ್ ಪಟ್ಟಿ) ಮತ್ತು ಬಾಡಿ ಲೈನ್ (ತಗಡಿನ ಮಡಿಕೆಯ ಏಣು) ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. 2000 ನಂಬರಿನ ವಾಟರ್ ಪೇಪರನ್ನು ಚೆನ್ನಾಗಿ ನೆನೆಸಿ, ಮೆತ್ತನೆ ರಬ್ಬರ್ ಬ್ಲಾಕಿಗೆ ಸುತ್ತಿ, ನೀರು ಬಿಡುತ್ತಾ ಹಗುರವಾಗಿ ಉಜ್ಜಬೇಕು. ಗೀರು ಮಾಯವಾಗುವ ಹೊತ್ತಿಗೇ ನಿಲ್ಲಿಸಿ 3000ದ ಪೇಪರ್, ನಂತರ ಫೋಮ್ ಪ್ಯಾಡಿನಲ್ಲಿ ರಬ್ಬಿಂಗ್ ಕಾಂಪೌಂಡ್, ಕೊನೆಗೆ ನುಣುಪು ಪಾಲಿಷ್. ಕ್ಲಿಯರ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪ ಮಾತ್ರ. ಅಂಚುಗಳಲ್ಲಿ ಇನ್ನೂ ತೆಳುವಾಗಿದ್ದು, ಅಲ್ಲಿ ಒತ್ತಿ ಉಜ್ಜಿದರೆ ಬಣ್ಣವೇ ಕಿತ್ತುಬರುತ್ತದೆ. ‘ಮನೆಯಲ್ಲಿ ಮುಟ್ಟಬೇಡಿ’ ಎಂದ ನಿಮ್ಮ ಅಡ್ವೈಸರ್ ಮಾತಿನಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಆದರೆ ಅದಕ್ಕೆ ಪರಿಹಾರ ನುರಿತ ಕೈಯಿಂದ ಇದೇ ಕೆಲಸ ಮಾಡಿಸುವುದೇ ಹೊರತು ಇಡೀ ಬಾಗಿಲನ್ನು ಉಜ್ಜಿ ಹೊಸ ಬಣ್ಣ ಹೊಡೆಯುವುದಲ್ಲ.

ಹೋದದ್ದು ಕಂಪನಿ ಬಣ್ಣ, ಅದು ಮತ್ತೆ ಬರುವುದಿಲ್ಲ. ಕಾರ್ಖಾನೆಯಲ್ಲಿ ವೈರಿಂಗ್, ರಬ್ಬರ್ ಯಾವುದೂ ಕೂರಿಸದ ಖಾಲಿ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ವರ್ಕ್‌ಶಾಪಿನ ಬೂತ್‌ನಲ್ಲಿ 60 ಡಿಗ್ರಿಯ ಆಸುಪಾಸಿಗಿಂತ ಹೆಚ್ಚು ಕೊಡಲಾಗದು, ಅಲ್ಲಿ ಗಟ್ಟಿತನ ಬರುವುದು ಬಣ್ಣಕ್ಕೆ ಬೆರೆಸುವ ರಾಸಾಯನಿಕವಾದ ಹಾರ್ಡ್‌ನರ್‌ನಿಂದ. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇಟ್ಟು ನೋಡಿದರೆ ಬಲ ಮುಂಬಾಗಿಲು 115 ಮೈಕ್ರಾನ್ ತೋರಿಸುತ್ತದೆ, ನೀವು ಹೊಡೆದ ಎಡಬಾಗಿಲು 290. ನಾಳೆ ಕಾರು ಮಾರಲು ಹೋದರೆ ಕೊಳ್ಳುವವರು ಇದೇ ಗೇಜ್ ಇಟ್ಟು ‘ಆಕ್ಸಿಡೆಂಟ್ ಆಗಿದೆ’ ಎಂದು ಬೆಲೆ ಇಳಿಸುತ್ತಾರೆ.

ಹೊಡೆದ ಬಣ್ಣವಾದರೂ ಹೊಂದಿದೆಯೇ ಎಂದರೆ ಅದೂ ಇಲ್ಲ. ಕಲರ್ ಕೋಡ್ ಸರಿಯಿದ್ದರೂ ಸಿಲ್ವರ್ ಕೈಕೊಡುತ್ತದೆ. ಗನ್ನಿನ ಗಾಳಿ ಒತ್ತಡ, ಅಂತರ, ಎಷ್ಟು ಒದ್ದೆಯಾಗಿ ಹೊಡೆದರು ಎಂಬುದರ ಮೇಲೆ ಲೋಹದ ಚೂರುಗಳು ಮಲಗುವ ರೀತಿ ಬದಲಾಗುತ್ತದೆ. ಒದ್ದೆ ಹೆಚ್ಚಾದರೆ ಬಣ್ಣ ಕಪ್ಪಿಡುತ್ತದೆ, ಒಣ ಹೆಚ್ಚಾದರೆ ಬೆಳ್ಳಗಾಗುತ್ತದೆ. ಆದ್ದರಿಂದಲೇ ಮೊದಲು ಕಾರ್ಡಿನ ಮೇಲೆ ಹೊಡೆದು ಹೋಲಿಸಬೇಕು, ಬೇಸ್ ಕೋಟನ್ನು (ಕ್ಲಿಯರ್ ಕೆಳಗಿನ ಬಣ್ಣದ ಪದರ) ಪಕ್ಕದ ಫೆಂಡರ್ ಮತ್ತು ಹಿಂಬಾಗಿಲಿಗೆ ಅಂಚು ಕಾಣದಂತೆ ತೆಳುವಾಗಿ ಕರಗಿಸಬೇಕು, ಆ ಪ್ಯಾನೆಲ್‌ಗಳಿಗೂ ಪೂರ್ತಿ ಕ್ಲಿಯರ್ ಕೊಡಬೇಕು. ನೀವು ಬಾಗಿಲಿನ ಅಂಚಿಗೇ ನಿಲ್ಲಿಸಿದ್ದೀರಿ. ಓರೆಯಾಗಿ ನೋಡಿದರೆ ಬಾಗಿಲು ಒಂದು ಛಾಯೆ ಕಪ್ಪಾಗಿ ಕಾಣುತ್ತದೆ. ಹಿಡಿಕೆಯನ್ನೂ ಬೀಡಿಂಗನ್ನೂ ಬಿಚ್ಚದೆ ಟೇಪ್ ಸುತ್ತಿ ಹೊಡೆದಿದ್ದರಿಂದ ರಬ್ಬರ್ ಮೇಲೆ ಬಣ್ಣ ಕೂತಿದೆ. ಹಿಡಿಕೆಯ ಸುತ್ತ ಉಳಿದ ಟೇಪಿನ ಅಂಚಿನಿಂದಲೇ ಮುಂದೆ ಕ್ಲಿಯರ್ ಏಳುತ್ತದೆ. ಧೂಳಿನ ಕಾಳುಗಳೂ ಇವೆ, ಅವು ಬಫಿಂಗ್‌ಗೆ ಹೋಗುವಂಥವು.

ಕ್ವಾರ್ಟರ್ ಪ್ಯಾನೆಲ್ ವಿಷಯ ಇದಕ್ಕಿಂತ ಗಂಭೀರ. ಅಲ್ಲಿ ಉಗುರು ಸಿಕ್ಕುತ್ತಿತ್ತು, ಬೂದು ಪ್ರೈಮರ್ ಕಾಣುತ್ತಿತ್ತು, ಒಂದಿಂಚಿನಷ್ಟು ತಗಡೇ ಹೊರಬಂದಿತ್ತು. ನೀವು ಕಾಂಪೌಂಡ್ ಹಾಕಿ ಮೆಷಿನ್ ಓಡಿಸಿ, ಎಣ್ಣೆಯಂಶವಿರುವ ಗ್ಲೇಜ್ ತುಂಬಿ ಹೊಳಪು ತಂದಿದ್ದೀರಿ. ಶಾಂಪೂ ಹಾಕಿ ತೊಳೆದೊಡನೆ ಗೀರು ಮೊದಲಿನಂತೆಯೇ ಕಾಣಿಸಿತು, ಸುತ್ತಲಿನ ಒಳ್ಳೆಯ ಕ್ಲಿಯರ್ ಮಾತ್ರ ತೆಳುವಾಯಿತು. ಚಕ್ರ ಎರಚುವ ನೀರು ನೇರ ತಾಗುವ ಆ ಜಾಗದಲ್ಲಿ ಈಗ ತುಕ್ಕಿನ ಚುಕ್ಕೆ ಎದ್ದಿದೆ. ಮನೆಯಲ್ಲೇ ಜಿಡ್ಡು ಒರೆಸಿ, ಒಂದು ಹನಿ ಪ್ರೈಮರ್ ಇಟ್ಟು, ಟಚ್-ಅಪ್ ಪೆನ್ನಿನಿಂದ ತೆಳುವಾಗಿ ಎರಡು ಮೂರು ಸಲ ಹಚ್ಚಿದ್ದರೆ ಗುರುತು ಉಳಿಯುತ್ತಿತ್ತು, ತುಕ್ಕು ಬರುತ್ತಿರಲಿಲ್ಲ. ಪೇಂಟಿಂಗ್‌ಗೆ ಹಣ ತೆಗೆದುಕೊಂಡ ವರ್ಕ್‌ಶಾಪ್ ಅಷ್ಟನ್ನೂ ಮಾಡಿಲ್ಲ.

ನಮ್ಮ ಕೋರಿಕೆ ಇಷ್ಟು. ಕ್ವಾರ್ಟರ್ ಪ್ಯಾನೆಲ್ಲಿನ ತುಕ್ಕನ್ನು ತಗಡಿನವರೆಗೆ ತೆಗೆದು, ಬಣ್ಣದ ಅಂಚನ್ನು 320ರ ಪೇಪರಿನಲ್ಲಿ ಇಳಿಜಾರು ಮಾಡಿ, ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಮೊದಲ ಪದರ), ಸರ್ಫೇಸರ್ (ಮೇಲ್ಮೈ ಸಮ ಮಾಡುವ ಪದರ), 800ರ ವಾಟರ್ ಪೇಪರ್, ಬೇಸ್, ಎರಡು ಕೋಟ್ ಕ್ಲಿಯರ್, ಈ ಕ್ರಮದಲ್ಲಿ ಕೆಲಸ ಮಾಡಿಕೊಡಿ. ಒಂದು ಕೋಟಿನ ಥಿನ್ನರ್ ಆರುವ ಮೊದಲೇ ಇನ್ನೊಂದು ಹೊಡೆದರೆ ಗುಳ್ಳೆ ಏಳುತ್ತದೆ, ಆತುರ ಬೇಡ. ಪ್ರತಿ ಹಂತದ ಫೋಟೋ ಕಳಿಸಿ. ಎಡಬಾಗಿಲಿನ ಬಣ್ಣವನ್ನು ಹಿಡಿಕೆ, ಬೀಡಿಂಗ್ ಬಿಚ್ಚಿ, ಪಕ್ಕದ ಪ್ಯಾನೆಲ್‌ಗಳೊಂದಿಗೆ ಹೊಂದಿಸಿಕೊಡಿ. ಇವೆರಡಕ್ಕೂ ಹೊಸದಾಗಿ ಹಣ ಕೇಳಬಾರದು. ಅಗತ್ಯವಿಲ್ಲದ ಬಾಗಿಲಿನ ಪೇಂಟಿಂಗ್‌ಗೆ ಪಡೆದ ₹4,200 ಹಿಂದಿರುಗಿಸಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಮೈಸೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲಾಗುವುದು. ಕಾರು ಬಿಡುವ ಮೊದಲು ಮತ್ತು ನಂತರ ತೆಗೆದ ಫೋಟೋಗಳು, ಗೇಜ್ ರೀಡಿಂಗ್, ಜಾಬ್ ಕಾರ್ಡ್ ಹಾಗೂ ಬಿಲ್ಲಿನ ಪ್ರತಿಗಳನ್ನು ಲಗತ್ತಿಸಿದೆ.

ಇಂತಿ,
ಕಾರಿನ ಮಾಲೀಕರು,
ಕುವೆಂಪುನಗರ, ಮೈಸೂರು.