ಗೋಬಿಯಲ್ಲಿ ನನ್ನ ಮುಂದೆ ಹೋದವರಿಗೆ, ಹಿಂದೆ ಬಂದವರಿಗೆ

ಮಂಗೋಲಿಯಾದಿಂದ ಮರಳಿದಾಗಿನಿಂದ ಫೋನಿಗೆ ಬಿಡುವಿಲ್ಲ. "ಗೋಬಿ ಮರುಭೂಮೀನ ಬೈಕಲ್ಲಿ ದಾಟಿಬಿಟ್ರಂತಲ್ಲ!" ಎಂದು ಬಂಧುಗಳು, ಹಳೆಯ ಸಹೋದ್ಯೋಗಿಗಳು, ಮುಖಪರಿಚಯವೂ ಇಲ್ಲದವರು ಪ್ರೀತಿಯಿಂದ ಹರಸುತ್ತಿದ್ದಾರೆ. ಎಲ್ಲರಿಗೂ ಕೈಮುಗಿದೆ. ಆದರೆ ಈ ಮೆಚ್ಚುಗೆಯನ್ನು ನಾನೊಬ್ಬಳೇ ಇಟ್ಟುಕೊಳ್ಳುವುದು ನ್ಯಾಯವಲ್ಲ. ಹ್ಯಾಂಡಲ್ ಹಿಡಿದವಳು ನಾನು, ನಿಜ. ಯಾವ ಹಳ್ಳ ದಾಟಬೇಕು, ಯಾವ ಹಳ್ಳದ ಮುಂದೆ ನಿಲ್ಲಬೇಕು ಎಂದು ತೀರ್ಮಾನಿಸಿದವರು ಬೇರೆ. ನಾನು ಮಲಗಿದ ಮೇಲೆ ನನ್ನ ಬೈಕಿನ ಚಕ್ರ ತಿರುಗಿಸಿ ನೋಡಿದವರು ಬೇರೆ. ಕುಡಿಯುವ ನೀರು, ಪೆಟ್ರೋಲು, ಅಕ್ಕಿಬೇಳೆ ಹೊತ್ತು ನಮ್ಮ ಧೂಳಿನಲ್ಲೇ ಬಂದವರು ಇನ್ನೂ ಬೇರೆ. ಅವರಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಅಭಿನಂದನೆ ಬರುತ್ತಿರುವುದು ಕನ್ನಡದಲ್ಲಿ, ಆದ್ದರಿಂದ ಅದು ಯಾರಿಗೆ ಸಲ್ಲಬೇಕು ಎಂಬುದನ್ನೂ ಕನ್ನಡದಲ್ಲೇ ಹೇಳಬೇಕು. ಹೆಸರು ಹಾಕುವುದು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ಹೆಸರಿಲ್ಲದೆ ಬರೆಯುತ್ತೇನೆ.

ಆ ದೇಶದ ವಿಸ್ತಾರ ತಿಳಿಯದಿದ್ದರೆ ಅವರ ಕೆಲಸದ ಬೆಲೆಯೂ ತಿಳಿಯುವುದಿಲ್ಲ. ಮಂಗೋಲಿಯಾ 15.6 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ಅರ್ಧದಷ್ಟು. ಇರುವ ಜನ ಸುಮಾರು 35 ಲಕ್ಷ, ಅದರಲ್ಲಿ ಹತ್ತಿರಹತ್ತಿರ ಅರ್ಧ ಜನ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಇದ್ದಾರೆ. ನಗರ ಬಿಟ್ಟು ದಕ್ಷಿಣಕ್ಕೆ ತಿರುಗಿ ಡಾಂಬರಿನಿಂದ ಇಳಿದರೆ ರಸ್ತೆ ಎಂಬುದೇ ಇಲ್ಲ, ಬರೀ ಗಾಲಿಯ ಗುರುತುಗಳು. ಒಂದೇ ಕಡೆಗೆ ಹೋಗುವಂತೆ ಕಾಣುವ ಹತ್ತಾರು ಜಾಡುಗಳು ಹುಲ್ಲಿನ ಮೇಲೆ ಅಕ್ಕಪಕ್ಕ ಹರಿದುಕೊಂಡು ಹೋಗಿ, ಎಲ್ಲೋ ಒಂದು ಕಡೆ ಸದ್ದಿಲ್ಲದೆ ಕವಲೊಡೆಯುತ್ತವೆ. ಅವುಗಳಲ್ಲಿ ಒಂದು ಬಾವಿಗೆ ಹೋಗುತ್ತದೆ, ಒಂದು ಯಾರದೋ ಹಳೆಯ ಚಳಿಗಾಲದ ಬೀಡಿಗೆ, ಒಂದು ಮಾತ್ರ ನಾವು ಹೋಗಬೇಕಾದ ಊರಿಗೆ.

ನಮ್ಮ ಗೈಡ್ ದನಗಾಹಿ ಕುಟುಂಬದಲ್ಲಿ ಹುಟ್ಟಿ ಬೆಳೆದವರು. ಜಿಪಿಎಸ್ ಅವರ ಬೈಕಿನ ಮೇಲೂ ಇತ್ತು, ಆದರೆ ಕಣ್ಣು ಇರುತ್ತಿದ್ದದ್ದು ನೆಲದ ಮೇಲೆ ಮತ್ತು ಬೆಟ್ಟದ ಸಾಲಿನ ಮೇಲೆ. ಕವಲು ಬಂದಲ್ಲಿ ತಮ್ಮ ಹಿಂದಿನ ಸವಾರನನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಕೊನೆಯ ಬೈಕು ದಾಟುವವರೆಗೆ ಆ ಸವಾರ ಕದಲಬಾರದು. ಕೊನೆಯಲ್ಲಿ ಬರುತ್ತಿದ್ದವರು ಮೆಕ್ಯಾನಿಕ್. ಇಷ್ಟು ಸರಳವಾದ ಕ್ರಮವನ್ನು ಒಂದು ಸಲವೂ ಸಡಿಲಿಸದೆ ನಡೆಸಿದ್ದರಿಂದ ನಮ್ಮಲ್ಲಿ ಒಬ್ಬರೂ ದಾರಿ ತಪ್ಪಲಿಲ್ಲ. ಧೂಳು ತಗ್ಗುವಷ್ಟು ಅಂತರ ಬಿಡಿ ಎನ್ನುತ್ತಿದ್ದರು. ಹುಲ್ಲು ದಟ್ಟವಾಗಿ ಕಂಡಲ್ಲಿ ಜಾಡು ಬಿಟ್ಟು ಇಳಿಯಬೇಡಿ, ಒಳಗೆ ಮಾರ್ಮೊಟ್ ಎಂಬ ದೊಡ್ಡ ಅಳಿಲಿನಂಥ ಪ್ರಾಣಿಯ ಬಿಲಗಳಿರುತ್ತವೆ, ಮುಂದಿನ ಚಕ್ರ ಹೂತರೆ ಕತ್ತಿನ ಮೂಳೆಗೇ ಬರುತ್ತದೆ ಎಂದು ಎಚ್ಚರಿಸುತ್ತಿದ್ದರು. ಹೊಸ ಜಾಡು ಮಾಡುವುದನ್ನಂತೂ ಅವರು ಸಹಿಸುತ್ತಿರಲಿಲ್ಲ. ಅಲ್ಲಿ ಮಳೆ ಕಡಿಮೆ, ಗಾಲಿ ಸವೆಸಿದ ಹುಲ್ಲು ಮತ್ತೆ ಚಿಗುರಲು ವರ್ಷಗಟ್ಟಲೆ ಬೇಕು. ಅದು ಯಾರದೋ ಕುರಿಗಳ ಮೇವು ಎಂಬುದು ಅವರಿಗೆ ಬಾಲ್ಯದಿಂದ ಗೊತ್ತಿತ್ತು.

ಅವರಿಗೆ ನಾನು ಜೀವಮಾನವಿಡೀ ಋಣಿಯಾಗಿರುವುದು ಒಂದು ಮಧ್ಯಾಹ್ನಕ್ಕಾಗಿ. ದಲಾನ್‌ಜದ್ಗದ್ ದಾಟಿ, ಗುರ್ವನ್ ಸೈಖಾನ್ ಬೆಟ್ಟಸಾಲಿನ ಬದಿಯಲ್ಲಿ ಖೊಂಗೊರಿನ್ ಎಲ್ಸ್ ಮರಳುದಿಬ್ಬಗಳ ಕಡೆಗೆ ಹೊರಟಿದ್ದೆವು. ನೆತ್ತಿಯ ಮೇಲೆ ಸುಡುಬಿಸಿಲು. ಎದುರಿಗೆ ಒಂದು ಒಣ ಹಳ್ಳ, ಅಗಲವಾದದ್ದು, ತಳದಲ್ಲಿ ಜಲ್ಲಿ, ಆಚೆ ದಡ ಕೂಗಳತೆಯಲ್ಲಿ. ಅಂಥ ಹಳ್ಳಗಳನ್ನು ಬೆಳಗಿನಿಂದ ಎಷ್ಟೋ ದಾಟಿದ್ದೆವು. ಅವರು ಕೈ ಎತ್ತಿದರು, ಎಲ್ಲರೂ ನಿಂತೆವು. ದೂರದ ಬೆಟ್ಟದ ನೆತ್ತಿಯಲ್ಲಿ ಕರಿಮೋಡ ಕೂತಿತ್ತು. ಅದರ ಕೆಳಗೆ ಬೂದು ಬಣ್ಣದ ತೆರೆ ಇಳಿಬಿದ್ದಂತೆ ಮಳೆ. ಇಂಜಿನ್ ಆರಿಸಿ, ಬೈಕುಗಳನ್ನು ದಡದಿಂದ ಮೇಲಕ್ಕೆ ತಿರುಗಿಸಿ ನಿಲ್ಲಿಸಿ ಎಂದರು. ನಮ್ಮೊಳಗೆ ಗೊಣಗಾಟ ಶುರುವಾಯಿತು. ಇಲ್ಲಿ ಹನಿ ಮಳೆಯಿಲ್ಲ, ಸಂಜೆಯೊಳಗೆ ಬಿಡಾರ ಸೇರಬೇಕು, ಎರಡು ನಿಮಿಷದ ಕೆಲಸ ಎಂದು ಒಬ್ಬರು ವಾದಿಸಿದರು. ಅವರು ವಾದಕ್ಕೆ ಇಳಿಯಲಿಲ್ಲ, ಸಿಟ್ಟೂ ಮಾಡಲಿಲ್ಲ. ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟು, ತಾವು ದಡದ ಮೇಲೆ ಕೂತರು.

ಬಹಳ ಹೊತ್ತಿನ ಮೇಲೆ ಮೊದಲು ಸದ್ದು ಬಂತು, ಜಲ್ಲಿ ತುಂಬಿದ ಲಾರಿ ಎಲ್ಲೋ ಸುರಿದಂತೆ. ಆಮೇಲೆ ಹಳ್ಳದ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ಮುಂದೆ ನೊರೆ, ನೊರೆಯ ಮೇಲೆ ಒಣಕಡ್ಡಿ, ಕುರಿ ಹಿಕ್ಕೆ, ಬೇರುಸಮೇತ ಕಿತ್ತುಬಂದ ಸಕ್ಸಾಲ್ ಗಿಡ. ಮೊದಲಿಗೆ ಪಾದ ಮುಳುಗುವಷ್ಟೇ ಇತ್ತು. ನೋಡನೋಡುತ್ತಲೇ ದಡದಿಂದ ದಡಕ್ಕೆ ತುಂಬಿತು, ತಳದ ಕಲ್ಲುಗಳು ಒಂದಕ್ಕೊಂದು ಬಡಿಯುವುದು ಕೇಳಿಸುತ್ತಿತ್ತು. ವಾದಿಸಿದ್ದ ಸವಾರರು ಎದ್ದು ಹೋಗಿ ಗೈಡ್ ಪಕ್ಕದಲ್ಲಿ ಸುಮ್ಮನೆ ಕೂತರು. ನೀರು ಇಳಿದ ಮೇಲೂ ಅವರು ನಮ್ಮನ್ನು ಬಿಡಲಿಲ್ಲ. ಮೊದಲು ತಾವೇ ನಡೆದು ಹೋಗಿ, ಬೂಟಿನ ಹಿಮ್ಮಡಿಯಿಂದ ತಳ ಒತ್ತಿ ನೋಡಿ, ಗಟ್ಟಿಯಿರುವ ಒಂದು ಪಟ್ಟಿಯನ್ನು ಕಲ್ಲಿಟ್ಟು ಗುರುತು ಮಾಡಿ, ಒಬ್ಬೊಬ್ಬರನ್ನೇ ದಾಟಿಸಿದರು. ಬಿಡಾರ ಸೇರುವಾಗ ಕತ್ತಲಾಗಿತ್ತು. ಆ ದಿನ ನನ್ನ ಸವಾರಿಯಲ್ಲಿ ಹೊಗಳುವಂಥದ್ದೇನೂ ಇರಲಿಲ್ಲ, ಕಾಯುವುದೊಂದೇ ನನ್ನ ಕೆಲಸವಾಗಿತ್ತು. ಆ ಕಾಯುವಿಕೆಯನ್ನು ನಮ್ಮೆಲ್ಲರ ಅಸಮಾಧಾನದ ನಡುವೆಯೂ ಬಿಟ್ಟುಕೊಡದ ಮನುಷ್ಯನಿಗೆ ಈ ಬರಹದ ಮೊದಲ ನಮಸ್ಕಾರ.

ಎರಡನೆಯದು ಮೆಕ್ಯಾನಿಕ್‌ಗೆ. ಮಾತು ಕಡಿಮೆ, ಕೈ ಚುರುಕು. ಗೋಬಿಯ ಜಾಡುಗಳಲ್ಲಿ ನೆಲ ಅಡ್ಡಡ್ಡಲಾಗಿ ಸುಕ್ಕುಗಟ್ಟಿರುತ್ತದೆ. ಆ ಅದುರಾಟಕ್ಕೆ ಬೈಕಿನ ಒಂದೊಂದು ನಟ್ಟೂ ಸಡಿಲವಾಗುತ್ತದೆ, ಚಕ್ರದ ಸ್ಪೋಕುಗಳಂತೂ ಮೊದಲೇ. ಊಟ ಮುಗಿಸಿ ನಾವೆಲ್ಲ ನಕ್ಷತ್ರ ನೋಡುತ್ತಾ ಕೂತರೆ ಅವರು ಹಣೆಗೆ ಟಾರ್ಚ್ ಕಟ್ಟಿಕೊಂಡು, ಚಕ್ರ ತಿರುಗಿಸುತ್ತಾ, ಸಣ್ಣ ಸ್ಪಾನರಿನಿಂದ ಒಂದೊಂದೇ ಸ್ಪೋಕನ್ನು ತಟ್ಟುತ್ತಿದ್ದರು. ಬಿಗಿಯಾಗಿರುವುದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ತಟ್ ಎನ್ನುತ್ತದೆ. ಮಂಕು ಸದ್ದು ಬಂದಲ್ಲಿ ಕಾಲು ಸುತ್ತು ಬಿಗಿ ಮಾಡಿ ಮತ್ತೆ ತಟ್ಟುವುದು. ಎಲ್ಲ ಬೈಕುಗಳ ಎಲ್ಲ ಚಕ್ರಗಳಿಗೂ ಹೀಗೆಯೇ. ಆಮೇಲೆ ಸ್ಪಂಜಿನ ಏರ್ ಫಿಲ್ಟರ್ ಬಿಚ್ಚಿ, ಪೆಟ್ರೋಲಿನಲ್ಲಿ ಹಿಂಡಿ ತೊಳೆದು, ಎಣ್ಣೆ ಹಚ್ಚಿ ಹಾಕುವುದು. ಮರಳು ಬಂದಾಗ ಟೈರಿನ ಗಾಳಿ ಇಳಿಸುವುದು, ಕಲ್ಲುನೆಲ ಬಂದಾಗ ಮತ್ತೆ ತುಂಬಿಸುವುದು, ಇದಕ್ಕೆ ದಿನಕ್ಕೆ ಎಷ್ಟು ಸಲ ಬಗ್ಗಿದರೋ. ಗಾಳಿ ಇಳಿದ ಟೈರು ಮರಳಿನ ಮೇಲೆ ಅಗಲವಾಗಿ ಕೂರುತ್ತದೆ, ಹೂಳುವುದಿಲ್ಲ. ಅದೇ ಟೈರಿನಲ್ಲಿ ಕಲ್ಲಿನ ಮೇಲೆ ಹೋದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ. ಅಣ್ಣಾ, ನನ್ನ ಬೈಕು ಎಲ್ಲೂ ಕೈಕೊಡಲಿಲ್ಲ. ಅದು ಬೈಕಿನ ಗುಣವಲ್ಲ, ನಿಮ್ಮ ರಾತ್ರಿಗಳು.

ಹಿಂದೆ ಬರುತ್ತಿದ್ದ ವ್ಯಾನು ರಷ್ಯಾದ ಉವಾಜ಼್ (UAZ). 1965ರಿಂದ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ತಯಾರಾಗುತ್ತಿರುವ, ಬ್ರೆಡ್ಡಿನಂತೆ ದುಂಡಗಿರುವ, ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಸಿಗುವ ಗಾಡಿ. ಅದರ ಚಾಲಕರು ನಮ್ಮೆಲ್ಲರಿಗಿಂತ ಹಿರಿಯರು. ಬೈಕು ಸುತ್ತಿ ಹೋಗಬೇಕಾದ ಕಡೆ ಈ ಗಾಡಿ ನೇರ ಹೋಗುತ್ತಿತ್ತು. ಓವೋ ಎಂಬ ಕಲ್ಲುಗುಪ್ಪೆಗಳು ಕಣಿವೆಯ ನೆತ್ತಿಯಲ್ಲಿ ಸಿಕ್ಕಾಗಲೆಲ್ಲ ಅವರು ಗಾಡಿ ನಿಲ್ಲಿಸಿ, ಮೂರು ಪ್ರದಕ್ಷಿಣೆ ಹಾಕಿ, ಒಂದು ಕಲ್ಲಿಟ್ಟು ಬರುತ್ತಿದ್ದರು. ಮೊದಮೊದಲು ನಾವು ದೂರದಿಂದ ನೋಡುತ್ತಿದ್ದೆವು, ನಾಲ್ಕಾರು ದಿನಕ್ಕೆ ನಾವೂ ಜೊತೆಗೆ ಸುತ್ತತೊಡಗಿದೆವು.

ಅಡುಗೆಯ ತಂಗಿಗೆ ಏನು ಹೇಳಲಿ? ಮಾಂಸವೇ ಮುಖ್ಯ ಆಹಾರವಾದ ನಾಡಿನಲ್ಲಿ, ತರಕಾರಿ ಅಪರೂಪವಾದ ಮರುಭೂಮಿಯಲ್ಲಿ, ಸಸ್ಯಾಹಾರಿಯೊಬ್ಬಳಿಗಾಗಿ ಎರಡನೇ ಬಾಣಲೆ ಇಟ್ಟ ಹುಡುಗಿ ಆಕೆ. ತಾನೇ ಹಿಟ್ಟು ಕಲಸಿ, ಲಟ್ಟಿಸಿ, ಕತ್ತರಿಸಿ ಮಾಡುವ ತ್ಸುಯಿವಾನ್ ನೂಡಲ್ಸಿಗೆ ನನ್ನ ಪಾಲಿಗೆ ಬರೀ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ. ಮುಖ ಸಿಂಡರಿಸಲಿಲ್ಲ, ಮರೆಯಲೂ ಇಲ್ಲ.

ಬಯನ್‌ಜಗ್‌ನ ಕೆಂಪು ದಿಣ್ಣೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 1923ರಲ್ಲಿ ಅಮೆರಿಕದ ಅನ್ವೇಷಕ ರಾಯ್ ಚಾಪ್‌ಮನ್ ಆಂಡ್ರ್ಯೂಸ್ ಅವರ ತಂಡಕ್ಕೆ ಡೈನೋಸಾರ್ ಮೊಟ್ಟೆಗಳ ಗೂಡು ಸಿಕ್ಕಿದ್ದು ಇಲ್ಲೇ. ಇಂದಿಗೂ ಮಳೆ ಬಂದು ಮಣ್ಣು ಕೊಚ್ಚಿದರೆ ಮೂಳೆಯ ಚೂರು ಮೇಲೆ ಬರುತ್ತದೆ. ನಮ್ಮಲ್ಲೊಬ್ಬರಿಗೆ ಬೆರಳುದ್ದದ ಬಿಳಿ ಚೂರೊಂದು ಸಿಕ್ಕಿತು. ಗೈಡ್ ಅದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು, ಮುಟ್ಟಿ ನೋಡಲು ಬಿಟ್ಟರು, ಸಿಕ್ಕ ಜಾಗದಲ್ಲೇ ವಾಪಸ್ ಇಟ್ಟರು. ಮಂಗೋಲಿಯಾದ ಕಾನೂನಿನಂತೆ ಪಳೆಯುಳಿಕೆಗಳು ದೇಶದ ಸ್ವತ್ತು. 2012ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಿದ್ದ ಟಾರ್ಬೊಸಾರಸ್ ಎಂಬ ಡೈನೋಸಾರ್ ಅಸ್ಥಿಪಂಜರವನ್ನು ಮಂಗೋಲಿಯಾ ಕಾನೂನಿನ ಮೂಲಕ ಹೋರಾಡಿ 2013ರಲ್ಲಿ ಹಿಂದಕ್ಕೆ ತರಿಸಿಕೊಂಡಿತು. ಆ ಕಥೆ ಹೇಳುವಾಗ ಗೈಡ್ ಮುಖದಲ್ಲಿದ್ದ ಹೆಮ್ಮೆ ನನಗೆ ಬಹಳ ಇಷ್ಟವಾಯಿತು. ಖೊಂಗೊರಿನ್ ಎಲ್ಸ್‌ನಲ್ಲೂ ಹೀಗೆಯೇ, ಬೈಕುಗಳನ್ನು ಮರಳುದಿಬ್ಬದ ಮೇಲೆ ಹತ್ತಿಸಲು ಬಿಡಲಿಲ್ಲ. ಅದು ರಾಷ್ಟ್ರೀಯ ಉದ್ಯಾನದ ನೆಲ. ಕೆಳಗೆ ನಿಲ್ಲಿಸಿ, ಬೂಟು ಕಳಚಿ, ತೆವಳಿಕೊಂಡು ಹತ್ತಿದೆವು. ಅಂಚಿನಲ್ಲಿ ಕೂತು ಮರಳನ್ನು ಜಾರಿಸಿದರೆ ದಿಬ್ಬವಿಡೀ ಒಳಗಿನಿಂದ ಗುಂಯ್ ಎನ್ನುತ್ತದೆ. ಒಣ ಮರಳಿನ ಕಣಗಳು ಒಟ್ಟಾಗಿ ಜಾರುವಾಗ ಹುಟ್ಟುವ ನಾದವದು, ಕೂತಲ್ಲಿ ಬೆನ್ನಹುರಿಗೆ ತಿಳಿಯುತ್ತದೆ.

ಈಗ ನನ್ನ ಫಿಸಿಯೋಥೆರಪಿಸ್ಟ್. ಕೆಲವು ವರ್ಷಗಳ ಹಿಂದೆ ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದಾಗ, ಮೆಟ್ಟಿಲು ಹತ್ತಿದರೆ ಸಾಕಪ್ಪಾ ಎಂದುಕೊಂಡಿದ್ದೆ. ಇನ್ನು ಬೈಕು ಮರೆತುಬಿಡಿ ಎಂದವರು ಹಲವರು. ನೀವು ಮಾತ್ರ "ಯಾವ ಬೈಕು, ಸೀಟು ಎಷ್ಟು ಎತ್ತರ?" ಎಂದು ಕೇಳಿದಿರಿ. ಒರಟು ನೆಲದಲ್ಲಿ ಸವಾರ ಕೂರುವುದಿಲ್ಲ, ಕಾಲಿಡುವ ಫುಟ್‌ಪೆಗ್ ಮೇಲೆ ನಿಂತಿರುತ್ತಾನೆ, ಅದುರಾಟವನ್ನೆಲ್ಲ ಮಂಡಿ ಕುಡಿಯಬೇಕು ಎಂದು ತಿಳಿದುಕೊಂಡು, ಅದಕ್ಕೆಂದೇ ವ್ಯಾಯಾಮ ಹೊಂದಿಸಿದಿರಿ. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತ ಭಂಗಿಯಲ್ಲಿ ನನ್ನನ್ನು ನಿಲ್ಲಿಸಿ ಗಡಿಯಾರ ನೋಡುತ್ತಿದ್ದ ನಿಮ್ಮ ಮೇಲೆ ಎಷ್ಟು ಸಲ ಸಿಟ್ಟು ಬಂದಿದೆಯೋ. ಓರ್ಖೋನ್ ಕಣಿವೆಯಲ್ಲಿ ಹಳೆಯ ಲಾವಾ ಹರಿದು ಹೆಪ್ಪುಗಟ್ಟಿದ ಕರಿಗಲ್ಲಿನ ಹಾಸಿದೆ. ಆ ದಾರಿಯುದ್ದಕ್ಕೂ ನಿಂತೇ ಬೈಕು ಓಡಿಸಿ ಜಲಪಾತದ ಬಳಿ ಇಳಿದಾಗ ಮಂಡಿ ಬಿಸಿಯಾಗಿತ್ತು, ಊದಿರಲಿಲ್ಲ. ಇಷ್ಟನ್ನೂ ಅಲ್ಲಿಂದಲೇ ಹೇಳಬೇಕೆನಿಸಿತು. ಫೋನಿಗೆ ಸಿಗ್ನಲ್ ಸಿಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಜೊತೆಯ ಸವಾರರಿಗೆ, ಮರಳಿನಲ್ಲಿ ಬಿದ್ದಾಗ ಎತ್ತಿದ್ದಕ್ಕೆ, ಎತ್ತಿದ ಮೇಲೆ ಆ ಮಾತು ಎತ್ತದಿದ್ದಕ್ಕೆ, ವಂದನೆ. ಮನೆಯವರಿಗೆ ಮನೆಯಲ್ಲೇ ಹೇಳಿದ್ದೇನೆ.

ಕೊನೆಗೆ ಓಂಗಿ ನದಿಯ ಉತ್ತರಕ್ಕೆ ಸಿಕ್ಕ ಆ ಕುಟುಂಬ. ಧೂಳುಗಾಳಿ ಎದ್ದು ಬೈಕು ನೆಟ್ಟಗೆ ನಿಲ್ಲದಾದಾಗ ಗೈಡ್ ದೂರದಲ್ಲಿ ಕಂಡ ಎರಡು ಬಿಳಿ ಗೆರ್‌ಗಳ, ಅಂದರೆ ದನಗಾಹಿಗಳ ದುಂಡನೆಯ ಗುಡಾರಗಳ, ಕಡೆಗೆ ನಮ್ಮನ್ನು ತಿರುಗಿಸಿದರು. ನಾವು ಯಾರೆಂದು ಕೇಳುವ ಮೊದಲೇ ಬಟ್ಟಲಲ್ಲಿ ಉಪ್ಪು ಹಾಕಿದ ಹಾಲಿನ ಚಹಾ ಬಂತು, ತಟ್ಟೆಯಲ್ಲಿ ಆರೂಲ್ ಎಂಬ ಗಟ್ಟಿ ಒಣಮೊಸರಿನ ತುಂಡುಗಳು. ಒಲೆಯ ಪಕ್ಕ ಜಾಗ ಮಾಡಿಕೊಟ್ಟು ಮಕ್ಕಳು ಗೋಡೆಗೆ ಸರಿದವು. ಮಾತು ನಡೆದದ್ದು ಗೈಡ್ ಮೂಲಕ. 2023-24ರ ಚಳಿಗಾಲದ ಝುದ್ ಅವರ ಮಂದೆಯನ್ನು ಅರ್ಧಕ್ಕಿಂತ ಹೆಚ್ಚು ನುಂಗಿತ್ತು. ಹಿಮ ಗಟ್ಟಿಯಾಗಿ ಕೂತು, ಕೆಳಗಿನ ಹುಲ್ಲು ಬಾಯಿಗೆ ಎಟುಕದೆ, ನಿಂತಲ್ಲೇ ಪ್ರಾಣಿಗಳು ಸಾಯುವ ಕಾಲವದು. ಆ ಒಂದು ಚಳಿಗಾಲದಲ್ಲಿ ದೇಶದಾದ್ಯಂತ 70 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಇದನ್ನು ಹೇಳುತ್ತಲೇ ಮನೆಯೊಡತಿ ನನ್ನ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದರು. ಗಾಳಿ ನಿಂತು ನಾವು ಹೊರಟಾಗ ಹಣ ಮುಟ್ಟಲಿಲ್ಲ. ಒಂದು ಪಾತ್ರೆ ಹಾಲು, ಉದ್ದ ಹಿಡಿಯ ಮರದ ಸೌಟು ಹಿಡಿದು ಹೊರಬಂದು, ನಮ್ಮ ಬೈಕುಗಳು ಹೋದ ದಿಕ್ಕಿಗೆ ಹಾಲು ಚಿಮುಕಿಸಿದರು. ಪ್ರಯಾಣ ಹೊರಟವರಿಗೆ ಅಲ್ಲಿ ಹಾಗೆ ಹರಸುತ್ತಾರೆ. ಕನ್ನಡಿಯಲ್ಲಿ ನೋಡಿದೆ, ತಿರುಗಿ ಕೈ ಎತ್ತಿದೆ.

ಆ ಮಕ್ಕಳ ಫೋಟೋ ತೆಗೆದಿದ್ದೆ. ಫೋನಿನಲ್ಲಿ ತೋರಿಸಿದಾಗ ಹಿರಿಯ ಮಗಳು ಕೇಳಿದ್ದು ಒಂದೇ, ಕಾಗದದ ಮೇಲೆ ಸಿಗುತ್ತದೆಯೇ ಎಂದು. ಅವರ ಗೆರ್‌ನಲ್ಲಿ ಬಾಗಿಲಿಗೆ ಎದುರಾಗಿ ಚೌಕಟ್ಟಿನೊಳಗೆ ಕುಟುಂಬದ ಚಿತ್ರಗಳನ್ನು ಜೋಡಿಸಿಟ್ಟಿದ್ದರು, ಒಂದು ಜಾಗ ಖಾಲಿಯಿತ್ತು. ಹೋದ ವಾರ ದೊಡ್ಡ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಉಲಾನ್‌ಬಾತರ್‌ಗೆ ಕಳಿಸಿದ್ದೇನೆ. ಹಿಮ ಬೀಳುವ ಮೊದಲು ಓಂಗಿ ಕಡೆಗೆ ಇನ್ನೊಂದು ತಂಡವನ್ನು ಕರೆದೊಯ್ಯುತ್ತೇನೆ, ಆ ಕುಟುಂಬ ಬೀಡು ಬದಲಿಸಿದ್ದರೂ ಕೇಳಿಕೊಂಡು ಹೋಗಿ ಕೊಡುತ್ತೇನೆ ಎಂದು ಗೈಡ್ ಬರೆದಿದ್ದಾರೆ.