ನರ್ಸಿಂಗ್ ಸೇರುವ ಮುಂಚೆ

ಪ್ರೀತಿಯ ಗೆಳೆಯಾ,

ನರ್ಸಿಂಗ್ ಸೇರುತ್ತೇನೆ ಅಂತ ಬರೆದಿದ್ದೀಯ, ಖುಷಿಯಾಯಿತು. ಡಿಪ್ಲೊಮಾ ಮಾಡಲಾ, ಡಿಗ್ರಿ ಮಾಡಲಾ ಅಂತ ಕೇಳಿದ್ದೀಯ. ಮುಂದೆ ಪಾಠ ಹೇಳುವ ಅಥವಾ ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಡಿಗ್ರಿಯೇ ಮಾಡು.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ನೀನು ಸೇರುವ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ (ನರ್ಸಿಂಗ್ ಶಿಕ್ಷಣ, ನೋಂದಣಿ ನೋಡಿಕೊಳ್ಳುವ ಸಂಸ್ಥೆ) ಮಾನ್ಯತೆ ಇದೆಯಾ ನೋಡು. ಕಾಲೇಜಿನವರ ಜಾಹೀರಾತು ನಂಬಬೇಡ, ಕೌನ್ಸಿಲ್ ಪಟ್ಟಿಯಲ್ಲೇ ಹುಡುಕು. ಕೋರ್ಸ್ ಮುಗಿದರೂ ಕೌನ್ಸಿಲ್ ರಿಜಿಸ್ಟರಿನಲ್ಲಿ ಹೆಸರು ಬರುವ ತನಕ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಮಾನ್ಯತೆ ಇಲ್ಲದ ಕಡೆ ಓದಿದರೆ ಆ ಹೆಸರು ಬರುವುದೇ ಇಲ್ಲ.

ಇಂಥ ನೋಂದಣಿಗೆ ಅಂತಲೇ ನ್ಯೂಜಿಲೆಂಡ್ 1901ರಲ್ಲೇ ಕಾನೂನು ತಂದಿತ್ತು. ತಮಾಷೆ ಅಂದರೆ, ಬ್ರಿಟನ್ನಿನಲ್ಲಿ ಈ ಮಾತು ಎದ್ದಾಗ ಆಧುನಿಕ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರೇ ವಿರೋಧಿಸಿದ್ದರು. ಒಳ್ಳೆಯ ನರ್ಸಿನ ಗುಣ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ ಅನ್ನುವುದು ಅವರ ವಾದ. ಅದು ನಿಜವೇ. ಆದರೆ ಇಂಜೆಕ್ಷನ್ ಹಿಡಿದು ಬಂದವರು ಕಲಿತವರೋ ಅಲ್ಲವೋ ಅಂತ ಮಲಗಿರುವ ರೋಗಿಗೆ ಹೇಗೆ ಗೊತ್ತಾಗಬೇಕು, ಹೇಳು? 1919ರಲ್ಲಿ ಅಲ್ಲೂ ಕಾನೂನು ಬಂತು.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡ. ಪೋಸ್ಟಿಂಗ್ (ವಾರ್ಡಿನಲ್ಲಿ ಮಾಡುವ ತರಬೇತಿ) ಯಾವ ಆಸ್ಪತ್ರೆಯಲ್ಲಿ, ಒಂದು ವಾರ್ಡಿಗೆ ಎಷ್ಟು ಜನ ವಿದ್ಯಾರ್ಥಿಗಳನ್ನು ಕಳಿಸುತ್ತಾರೆ, ಪಕ್ಕದಲ್ಲಿ ನಿಂತು ಕಲಿಸುವವರು ಇದ್ದಾರಾ ಅಂತ ಕೇಳು. ಸುಮ್ನೆ ಗೋಡೆಗೆ ಒರಗಿ ನಿಂತು ಬಂದರೆ ಏನೂ ಕಲಿತಂತಾಗುವುದಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮ ನೋಡು: ಕನಿಷ್ಠ 3 ವರ್ಷ, 4,600 ಗಂಟೆ ತರಬೇತಿ, ಅದರಲ್ಲಿ ಅರ್ಧವಾದರೂ ರೋಗಿಗಳ ಜೊತೆ. ಈ ಗಂಟೆಗಳ ದಾಖಲೆ, ಸಿಲಬಸ್, ಅಂಕಪಟ್ಟಿ ಎಲ್ಲ ಜೋಪಾನವಾಗಿ ಇಟ್ಟುಕೋ. ಒಂದು ದೇಶದ ಲೈಸೆನ್ಸ್, ಅಂದರೆ ಈ ನೋಂದಣಿ, ಇನ್ನೊಂದು ದೇಶದಲ್ಲಿ ಹಾಗೇ ನಡೆಯುವುದು ಅಪರೂಪ. ಅರ್ಜಿ ಹಾಕಿದಾಗ ಇದನ್ನೆಲ್ಲ ಕೇಳುತ್ತಾರೆ.

ಲೈಸೆನ್ಸ್ ಪರೀಕ್ಷೆ ಎಲ್ಲ ಕಡೆ ಇಲ್ಲ. ಅಮೆರಿಕದಲ್ಲಿ ಎನ್‌ಕ್ಲೆಕ್ಸ್ ಬರೆಯಬೇಕು. 85ರಿಂದ 150 ಪ್ರಶ್ನೆ. ನೀನು ಕೊಟ್ಟ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಬಾಯಿಪಾಠ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ನಾಲ್ಕು ರೋಗಿಗಳಿದ್ದಾರೆ, ಮೊದಲು ಯಾರ ಬಳಿ ಹೋಗುತ್ತೀಯ ಅನ್ನುವಂಥ ಪ್ರಶ್ನೆಗಳೂ ಇರುತ್ತವೆ. ವಾರ್ಡಿನಲ್ಲಿ ಕಣ್ಣು ಬಿಟ್ಟು ನೋಡಿದವರಿಗೆ ಇದು ಸುಲಭ, ಅಲ್ವಾ?

ಲೈಸೆನ್ಸ್ ಸಿಕ್ಕ ಮೇಲೂ ಆಗಾಗ ನವೀಕರಣ ಮಾಡಿಸಬೇಕು. ಅದನ್ನು ಆಮೇಲೆ ನೋಡೋಣ. ಹೆಪಟೈಟಿಸ್ ಬಿ (ರೋಗಿಯ ರಕ್ತದಿಂದ ನರ್ಸುಗಳಿಗೂ ತಗುಲಬಹುದಾದ ಲಿವರ್ ಸೋಂಕು) ಲಸಿಕೆ ಮಾತ್ರ ಈಗಲೇ ಶುರು ಮಾಡು. ಸಾಮಾನ್ಯವಾಗಿ ಮೂರು ಡೋಸ್, ಮುಗಿಯಲು 6 ತಿಂಗಳು ಬೇಕು. ಕಾಲೇಜುಗಳ ಹೆಸರು ಕಳಿಸು, ಕೌನ್ಸಿಲ್ ಪಟ್ಟಿ ನಾನೂ ನೋಡುತ್ತೇನೆ.

ನಿನ್ನ ಗೆಳತಿ