ಹಳೆಯ ದೋಣಿಯ ಬೂದು ಮೈ: ಪುಟ್ಟನಿಗೊಂದು ಪತ್ರ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪನ ಶುಭಾಶೀರ್ವಾದಗಳು. ಉಭಯ ಕುಶಲೋಪರಿ.

ಅಮೆರಿಕದ ಮಿನೆಸೋಟದಲ್ಲಿ ನೀನು ಕೊಂಡಿರುವ, ಗ್ರಮ್ಮನ್ ಕಂಪನಿಯ ಹಳೆಯ ಅಲ್ಯೂಮಿನಿಯಂ ಕನೂವಿನ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಯ) ಫೋಟೋಗಳನ್ನು ನೋಡಿದೆ. ಯುದ್ಧವಿಮಾನ ಕಟ್ಟುತ್ತಿದ್ದ ಆ ಕಂಪನಿ 1945ರಲ್ಲಿ ಅದೇ ತಗಡು-ರಿವೆಟ್ಟಿನ ವಿದ್ಯೆಯನ್ನು ದೋಣಿಗೆ ತಿರುಗಿಸಿತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಆಯುಷ್ಯ ಕಳೆದ ನನಗೆ ಅದು ದಾಯಾದಿ ಮನೆಯ ಕೂಸಿನಂತೆ ಕಂಡಿತು.

ಅದನ್ನು ಕನ್ನಡಿಯಂತೆ ಹೊಳೆಯಿಸುವುದಾಗಿ ಬರೆದಿದ್ದೀಯೆ. ನನಗದು ಒಪ್ಪಿಗೆಯಿಲ್ಲ. ಆ ಮಂಕು ಬಣ್ಣ ಕೊಳೆಯಲ್ಲ. ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ತಾನೇ ಹೊದ್ದುಕೊಳ್ಳುವ ಆಕ್ಸೈಡಿನ ಪೊರೆ ಅದು, ಕಬ್ಬಿಣದ ತುಕ್ಕಿನಂತೆ ಉದುರದೆ ಒಳಗಿನ ಲೋಹವನ್ನು ಕಾಯುತ್ತದೆ. ಹುಳಿ, ಕ್ಷಾರ ಎರಡೂ ಅತಿಯಾದರೆ ಈ ಪೊರೆ ಕರಗುತ್ತದೆ. ನಿನ್ನ ಅಜ್ಜಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಲು ಬಿಡದಿದ್ದುದು, ವಾಷಿಂಗ್ ಸೋಡಾ ಹಾಕಿ ತೊಳೆದು ಪಾತ್ರೆ ಕಪ್ಪಾಗಿಸಿದ ನಿನ್ನ ದೊಡ್ಡಮ್ಮನನ್ನು ಗದರಿದ್ದು ಸುಮ್ಮನೆ ಅಲ್ಲ. ಆದ್ದರಿಂದ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಇರುವ ಯಾವ ದ್ರಾವಣವನ್ನೂ ದೋಣಿಗೆ ಸೋಕಿಸಬೇಡ. ಹೊಳಪಿನ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಅದು ಚರ್ಮದೊಳಗಿಳಿದು ಎಲುಬನ್ನೂ ಕೆಡಿಸುವಂಥದ್ದು, ಡಬ್ಬಿಯ ಬರಹ ಓದದೆ ಕೊಳ್ಳಬೇಡ.

ಸೌಮ್ಯ ಸಾಬೂನಿನ ನೀರು ಮತ್ತು ನೈಲಾನ್ ಉಜ್ಜುವ ಪ್ಯಾಡು ಸಾಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ತಗಡನ್ನು ಉಕ್ಕಿನ ಬ್ರಷ್ಷಿನಿಂದ ಉಜ್ಜಿ, ಶಹಬ್ಬಾಸ್ ಎನ್ನುವರೆಂದು ಕಾದಿದ್ದೆ. ಒಂದು ಮಳೆ ಕಳೆಯುವಷ್ಟರಲ್ಲಿ, ಮೈಯೊಳಗೆ ಸಿಕ್ಕಿಕೊಂಡ ಕಬ್ಬಿಣದ ಪುಡಿ ಕಂದು ಚುಕ್ಕೆಗಳಾಗಿ ಎದ್ದಿತ್ತು.

ನನ್ನ ಚಿಂತೆಯೆಲ್ಲ ನೀನು ಗಮನಿಸದ ಜಾಗಗಳ ಬಗ್ಗೆ. ಹಿಂದಿನ ಮಾಲೀಕ ನೆಲಕ್ಕೆ ಕಾರ್ಪೆಟ್ ಅಂಟಿಸಿದ್ದಾನೆ. ಒದ್ದೆ ಬಟ್ಟೆ ಅಪ್ಪಿಕೊಂಡ ಕಡೆ ಗಾಳಿಯಾಡದೆ ಪೊರೆ ಮತ್ತೆ ಕಟ್ಟಿಕೊಳ್ಳಲಾರದು, ಅಲ್ಲಿಯೇ ಬಿಳಿ ಪುಡಿಯೂ ಗುಳಿಗಳೂ ಹುಟ್ಟುತ್ತವೆ. ಮೋಟಾರು ಕೂರಿಸಲು ಅಡ್ಡ ಹಾಕಿರುವ ಹಸಿರು ಛಾಯೆಯ ಹಲಗೆ ತಾಮ್ರದ ಲವಣ ಉಣಿಸಿದ್ದಾಗಿದ್ದರೆ ಇಂದೇ ತೆಗೆ, ಏಕೆಂದರೆ ತೇವದಲ್ಲಿ ತಾಮ್ರ ಸೇರಿದರೆ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಪಾಚಿ ಹಿಡಿಯದಂತೆ ಬಳಿಯುವ, ತಾಮ್ರ ಬೆರೆತ ಬಣ್ಣವೂ ಹಾಗೆಯೇ. ಸ್ಟೇನ್‌ಲೆಸ್ ಉಕ್ಕಿನ ಬೋಲ್ಟುಗಳೂ ಅಲ್ಯೂಮಿನಿಯಮ್ಮಿಗೆ ನೇರ ತಾಗದಂತೆ ನೈಲಾನ್ ವಾಷರ್ ಹಾಕು.

ತಳಕ್ಕೆ ಬಣ್ಣ ಬೇಕೇ ಬೇಕೆಂದರೆ, ಉಜ್ಜಿ ಒರೆಸಿದ ಕೆಲವೇ ಗಂಟೆಗಳಲ್ಲಿ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಾಕುವ ಅಂಟುವ ಲೇಪ) ಬಳಿದುಬಿಡು. ತಡವಾದಷ್ಟೂ ಹೊಸ ಪೊರೆ ಬಲಿತು, ಬಣ್ಣದ ಹಿಡಿತ ಸಡಿಲವಾಗುತ್ತದೆ. ಪಾರದರ್ಶಕ ವಾರ್ನಿಷ್ ಮಾತ್ರ ಬೇಡ, ಅದು ಒಂದೆಡೆ ಎದ್ದರೆ ಅಡಿಯಲ್ಲಿ ನೀರು ನಿಲ್ಲುತ್ತದೆ.

ಮೊದಲು ಕಾರ್ಪೆಟ್ ಕಿತ್ತು, ಗೋಂದು ತೆಗೆದು, ಅಡಿಯ ತಗಡಿನ ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಕಳುಹಿಸು. ಗುಳಿಗಳ ಆಳ ನೋಡಿದ ಮೇಲೆ ಮುಂದಿನದನ್ನು ಬರೆಯುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ